ಹೊಸಿಲಿನಾಚೆಯ ಎಲೆ

ನಮ್ಮ ಮಾವನವರು ಮಲೇಷ್ಯಾದ ಪುಚೊಂಗಿನ ನಮ್ಮ ಮನೆಗೆ ಬಂದದ್ದು ಮೂರು ವಾರಕ್ಕೆ, ಇದ್ದದ್ದು ಏಳು ತಿಂಗಳು. ತಪ್ಪು ಅವರದೂ ಅಲ್ಲ, ನಮ್ಮದೂ ಅಲ್ಲ. ಅವರು ಬಂದು ಎರಡು ವಾರ ತುಂಬುವಷ್ಟರಲ್ಲಿ ಕೊರೊನಾದಿಂದ ವಿಮಾನಗಳು ನಿಂತವು, ಅಂಗಡಿಗಳು ಮುಚ್ಚಿದವು, ಪೊಲೀಸರು ರಸ್ತೆಗೆ ಅಡ್ಡ ನಿಂತರು. ಎಂಬತ್ತೊಂದು ವರ್ಷದ ಮನುಷ್ಯ ಹದಿನಾಲ್ಕನೇ ಮಹಡಿಯ ಮೂರು ರೂಮಿನ ಮನೆಯಲ್ಲಿ ಸಿಕ್ಕಿಬಿದ್ದರು.

ವಿಮಾನ ನಿಲ್ದಾಣದಲ್ಲೇ ಅವರು ಒಂದು ಮಾತು ಹೇಳಿದ್ದರು. "ನಿಮ್ಮನ್ನ ನೋಡೋಕೆ ಬಂದಿದೀನಿ ಅಂತ ತಿಳ್ಕೋಬೇಡಿ. ಮೆಲಾಕಾ ನೋಡೋಕೆ ಬಂದಿದೀನಿ." ನನ್ನ ಗಂಡನ ಮುಖ ಚಿಕ್ಕದಾಯಿತು. ನನಗೆ ನಗು ಬಂತು. ಮಾವನವರು ಹೊಸಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವರಿಗಿಲ್ಲ. ಆ ಮಟ್ಟಿಗೆ ನಾನು ಅವರ ಮಗಳೇ ಆಗಬೇಕಿತ್ತು, ಮಗ ಯಾಕಾದನೋ.

ಅವರ ಹೆಗಲ ಚೀಲದಲ್ಲಿ ಒಂದು ಹಿತ್ತಾಳೆ ಕೊಳವೆ ಇತ್ತು. ರೇಷ್ಮೆ ವಸ್ತ್ರದಲ್ಲಿ ಸುತ್ತಿದ್ದ ಆ ಕೊಳವೆಯನ್ನು ನಾನು ಮದುವೆಯಾದ ವರ್ಷದಿಂದ ನೋಡುತ್ತಾ ಬಂದಿದ್ದೆ. ಊರಿನ ಮನೆಯಲ್ಲಿ ಅದು ದೇವರ ಗೂಡಿನಲ್ಲಿ ಇರುತ್ತಿತ್ತು. ಅದರೊಳಗೆ ಇದ್ದದ್ದು ಒಂದೇ ಒಂದು ಹಾಳೆ. ಮಾವನವರ ಮುತ್ತಾತ, ಅಂದರೆ ಅವರ ತಾತನ ಅಪ್ಪ, ಸಿಪಾಯಿಯಾಗಿದ್ದಾಗಿನ ಚಹರೆಪಟ್ಟಿ ಅದು. ಅದನ್ನು ದೇಶ ಬಿಟ್ಟು ದೇಶಕ್ಕೆ ತಂದಿದ್ದಾರೆ ಎಂದರೆ ಮುದುಕರ ಮನಸ್ಸಿನಲ್ಲಿ ಏನೋ ಗಟ್ಟಿಯಾಗಿ ಕೂತಿದೆ ಎಂದು ನನಗೆ ಆಗಲೇ ಅನ್ನಿಸಿತು.

ಆ ಮುತ್ತಾತನ ಕತೆ ಗೊತ್ತಿಲ್ಲದೆ ನಮ್ಮ ಮನೆಯ ಯಾವ ಕತೆಯೂ ಅರ್ಥವಾಗುವುದಿಲ್ಲ. ಸುಮಾರು ನೂರೈವತ್ತು ವರ್ಷದ ಹಿಂದಿನ ಮಾತು. ಆತ ಮದರಾಸು ಸರ್ಕಾರದ ಕಾಲಾಳು ಪಲ್ಟನ್ನಿನಲ್ಲಿ ಸಿಪಾಯಿ. ಆತನ ಅಪ್ಪನೂ ಸಿಪಾಯಿಯೇ; ದೊಡ್ಡಪ್ಪ ಚಿಕ್ಕಪ್ಪಂದಿರು ಹೊಲ ನೋಡಿಕೊಂಡರೆ ಈ ಒಂದು ಕವಲು ಮಾತ್ರ ಬಂದೂಕು ಹೊತ್ತಿತು. ಪಲ್ಟನ್ನು ಬೆಂಗಳೂರಿನ ದಂಡಿನಲ್ಲಿ ಇದ್ದಷ್ಟು ದಿನ ಆತ ರಜೆ ಸಿಕ್ಕಾಗ ಊರಿಗೆ ನಡೆದೇ ಬರುತ್ತಿದ್ದನಂತೆ. ಬಂದವನು ಮೊದಲು ಮಾಡುತ್ತಿದ್ದ ಕೆಲಸ ಕೋಟಿನ ಹಿತ್ತಾಳೆ ಗುಂಡಿಗಳನ್ನು ಹೆಂಡತಿಯ ಕೈಗೆ ಕೊಡುವುದು. ಆಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಕತ್ತಿಗೆ ಕಟ್ಟುವ ಕರಿ ತೊಗಲಿನ ಪಟ್ಟಿ ಉಜ್ಜಿ ಉಜ್ಜಿ ಆತನ ಕತ್ತಿನಲ್ಲಿ ದದ್ದಾಗಿತ್ತು. ಅದಕ್ಕೆ ಹರಳೆಣ್ಣೆ ಸವರುವುದೂ ಆಕೆಯ ಕೆಲಸವೇ. ಇವೆಲ್ಲ ಮಾವನವರಿಗೆ ಅವರ ತಾತ ಹೇಳಿದ್ದು, ಆ ತಾತನಿಗೆ ಅವರ ತಾಯಿ ಹೇಳಿದ್ದು.

ಒಂದು ವರ್ಷ ಪಲ್ಟನ್ನಿಗೆ ಸಮುದ್ರ ದಾಟುವ ಹುಕುಂ ಬಂತು. ಮಲಾಕಾ, ಈಗಿನ ಮೆಲಾಕಾ. ದಂಡಿನಿಂದ ಮದರಾಸಿಗೆ ಸಿಪಾಯಿಗಳು ಕಾಲ್ನಡಿಗೆಯಲ್ಲೇ ಹೊರಟರು. ಆಕೆ ಎಳೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಕೋಲಾರದವರೆಗೆ ಪಲ್ಟನ್ನಿನ ಹಿಂದೆ ನಡೆದಳು. ಅಲ್ಲಿ ಆತ "ಇನ್ನು ಸಾಕು, ವಾಪಸು ಹೋಗು, ಎರಡು ದಸರಾ ಕಳೆಯುವಷ್ಟರಲ್ಲಿ ಬರ್ತೀನಿ" ಎಂದನಂತೆ. ಆಕೆ ತಿರುಗಿ ಬಂದಳು. ಮೂರನೇ ದಸರಾಕ್ಕೆ ಪಲ್ಟನ್ನು ಬಂತು. ಆತ ಬರಲಿಲ್ಲ. ಯಾರೋ ಹವಾಲ್ದಾರ ಬಂದು ಈ ಕಾಗದವನ್ನು ಆಕೆಯ ಕೈಗಿತ್ತು, ನಿಲ್ಲದೆ ಹೋದ. ಆಕೆಗೆ ಕನ್ನಡದ ಅಕ್ಷರವೇ ಬರುತ್ತಿರಲಿಲ್ಲ, ಇಂಗ್ಲಿಷನ್ನು ಯಾರು ಓದುತ್ತಾರೆ? ಊರು ತನಗೆ ಬೇಕಾದ್ದನ್ನು ಓದಿಕೊಂಡಿತು. "ಓಡಿಹೋಗವ್ನೆ ಕಣ್ರೋ, ಅಲ್ಲೇ ಯಾವಳನ್ನೋ ಕಟ್ಕೊಂಡವ್ನೆ."

ಊರ ಬಾಯಿಗೆ ಮುಚ್ಚಳ ಇಲ್ಲ. ಅಂದಿನಿಂದ ಆ ಮನೆಯ ಹೆಸರು 'ಓಡಿಹೋದ ಸಿಪಾಯಿ ಮನೆ'. ಹೆಣ್ಣು ಕೊಡುವಾಗ, ತರುವಾಗ, ಜಮೀನಿನ ಬದುವಿನ ಜಗಳದಲ್ಲಿ, ಆ ಹೆಸರು ಹೊರಗೆ ಬರುತ್ತಿತ್ತು. ನಮ್ಮ ಮಾವನವರಿಗೆ ಇಪ್ಪತ್ತು ದಾಟಿದಾಗ ಸೈನ್ಯ ಸೇರುವ ಆಸೆ ಹತ್ತಿತ್ತು. ಎದೆ ಅಳತೆಯೆಲ್ಲ ಪಾಸಾಗಿತ್ತು. ಅವರ ಅಪ್ಪ "ಈ ವಂಶದಲ್ಲಿ ಒಬ್ಬ ಓಡಿಹೋಗಿದ್ದೇ ಸಾಕು" ಎಂದು ಬಾಗಿಲಿಗೆ ಅಡ್ಡ ಕೂತರು. ಹಾಗಾಗಿ ಇವರು ಡ್ರಿಲ್ ಮೇಷ್ಟ್ರಾದರು. ಗಡಿಯಲ್ಲಿ ನಿಲ್ಲಬೇಕಿದ್ದವರು ಶಾಲೆಯ ಮೈದಾನದಲ್ಲಿ ಸೀಟಿ ಊದಿದರು. ಈ ಸಿಟ್ಟು ಅವರಿಗೆ ಆರಿರಲೇ ಇಲ್ಲ.

ಇನ್ನು ಎಲೆಯ ವಿಷಯ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಸಾಲಾಗಿ ಬಾಳೆ ಎಲೆ, ಒಬ್ಬೊಬ್ಬರಿಗೆ ಒಂದು. ಸಾಲಿನಲ್ಲಿ ಮೊದಲನೆಯದು ಆ ಸಿಪಾಯಿಯ ಹೆಂಡತಿ, ಮುತ್ತಜ್ಜಿಯದು, ಆಮೇಲೆ ಆಕೆಯ ಮಗ, ಸೊಸೆ, ಹೀಗೆ. ಮುತ್ತಾತನ ಎಲೆ ಮಾತ್ರ ಒಳಗಿಲ್ಲ. ಹೊಸಿಲಿನಾಚೆ, ಒಬ್ಬಂಟಿಯಾಗಿ. ಅದರ ಪಕ್ಕ ಒಂದು ಚೊಂಬು ನೀರು. ಅದನ್ನು ಎತ್ತುವವರೆಗೆ ಬಾಗಿಲು ಹಾಕುವ ಹಾಗಿಲ್ಲ.

ಮದುವೆಯಾದ ಮೊದಲ ವರ್ಷ ಆ ಎಲೆ ಹಾಕುವ ಕೆಲಸ ನನಗೆ ಬಂತು. ನಾನು ಒಳಗಿನ ಎಲೆಗಳನ್ನು ಹೇಗೆ ಹಾಕಿದ್ದರೋ ಹಾಗೇ, ತುದಿ ಬಲಗಡೆಗೆ ಬರುವಂತೆ ಹಾಕಿದೆ. ಅತ್ತೆ ಬಂದು ಅದನ್ನು ತಿರುಗಿಸಿ ತುದಿಯನ್ನು ಎಡಕ್ಕೆ ಮಾಡಿದರು. ಒಳಗಿನ ಎಲೆಗೆ ಉಪ್ಪು ಹಾಕುವುದಿಲ್ಲ. ಇದರ ಮೂಲೆಗೆ ಒಂದು ಚಿಟಿಕೆ ಉಪ್ಪು ಹಾಕಿದರು. "ಹೊರಗಿನ ಎಲೆ ಹಿಂಗೇನೇ. ಒಳಗಿನವರಿಗೆ ಹೆಂಗೋ ಅದಕ್ಕೆ ಉಲ್ಟಾ." ಯಾಕೆ ಎಂದೆ. "ಓಡಿಹೋದವರಿಗೆ ಇನ್ನೇನು ಮರ್ಯಾದೆ? ಹಂಗೇ ನಡ್ಕೊಂಡು ಬಂದೈತೆ" ಎಂದರು. ಸತ್ತು ಅಷ್ಟು ಕಾಲವಾದ ಮೇಲೂ ಒಬ್ಬನನ್ನು ಬಾಗಿಲಾಚೆ ಕೂರಿಸಿ, ಎಲೆಯನ್ನೂ ತಿರುಗಾಮುರುಗಾ ಹಾಕಿ ಅವಮಾನ ಮಾಡುವ ಈ ಮನೆಗೆ ನಾನು ಯಾಕೆ ಬಂದೆನಪ್ಪಾ ಎಂದು ಅವತ್ತು ನಿಜಕ್ಕೂ ಬೇಸರವಾಗಿತ್ತು.

ಮಾವನವರು ಮೆಲಾಕಾಗೆ ಹೋಗಬೇಕೆಂದದ್ದು ಈ ಎಲೆಗಾಗಿ. ಬಂದ ಮೂರನೇ ದಿನ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ನನಗೇ ಹೇಳಿದರು, ಮಗನಿಗಲ್ಲ. "ಆತ ಓಡಿಹೋಗಿದ್ನೋ, ಅಲ್ಲೇ ಸತ್ನೋ, ಅಷ್ಟು ಗೊತ್ತಾಗ್ಬೇಕು ಕಣಮ್ಮ. ಸತ್ತಿದ್ರೆ ಎಲೆ ಒಳಕ್ಕೆ ತರ್ತೀನಿ. ನಾನು ಹೋದ್ಮೇಲೆ ನನ್ನ ಮಗ ಎಡೇನೇ ಇಡಲ್ಲ, ಇನ್ನು ಎಲೆ ಒಳಗೋ ಹೊರಗೋ ಕೇಳೋರು ಯಾರು? ತಂದ್ರೆ ನಾನೇ ತರಬೇಕು." ಮುಂದಿನ ಶನಿವಾರ ಮೆಲಾಕಾಗೆ ಎಂದು ನಾನೂ ಮಾತು ಕೊಟ್ಟೆ. ಆ ಶನಿವಾರ ಮಗಳಿಗೆ ಜ್ವರ, ಅದರ ಮುಂದಿನ ಶನಿವಾರ ಕಾರು ರಿಪೇರಿ. ಅದರ ಮುಂದಿನ ವಾರ ದೇಶವೇ ಬಾಗಿಲು ಹಾಕಿಕೊಂಡಿತು.

ಎರಡು ಗಂಟೆ ದಾರಿಯ ಮೆಲಾಕಾ ಚಂದ್ರಲೋಕವಾಯಿತು. ಹತ್ತು ಕಿಲೋಮೀಟರು ದಾಟುವ ಹಾಗಿಲ್ಲ, ಸಾಮಾನಿಗೆ ಮನೆಯಿಂದ ಒಬ್ಬರೇ ಹೋಗಬೇಕು. ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು ತಪಾವ್, ಅಂದರೆ ಪಾರ್ಸೆಲ್ ಮಾತ್ರ ಕಟ್ಟಿಕೊಡುತ್ತಿದ್ದರು. ಗಂಡ ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ, ಮಗಳು ಇನ್ನೊಂದು ಕೋಣೆಯಲ್ಲಿ ಆನ್‌ಲೈನ್ ಕ್ಲಾಸಿನ ಮುಂದೆ. ನಾನು ಮಾತ್ರ ಕೆಲಸಕ್ಕೆ ಹೋಗುತ್ತಿದ್ದೆ. ನನ್ನದು ಲೇಬಲ್ ಮುದ್ರಿಸುವ ಕಾರ್ಖಾನೆಯಲ್ಲಿ ಬಣ್ಣ ತಾಳೆ ನೋಡುವ ಕೆಲಸ. ಸ್ಯಾನಿಟೈಸರ್ ಬಾಟಲಿಗಳಿಗೆ ಲೇಬಲ್ ಬೇಕಲ್ಲ, ಹಾಗಾಗಿ ನಮ್ಮದು ಅಗತ್ಯ ಸೇವೆ. ಡೋಲೋ ಗುಳಿಗೆ ನುಂಗುವವನಿಗಿಂತ ಅದರ ಚೀಟಿ ಅಂಟಿಸುವವನಿಗೆ ಬಿಡುವಿಲ್ಲ ಎಂಬಂಥ ಕಾಲ ಅದು.

ಮಾವನವರು ಮಹಡಿಯ ಓಣಿಯಲ್ಲಿ ನಡೆಯುತ್ತಿದ್ದರು. ಲಿಫ್ಟಿನಿಂದ ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲಿನ ಬಾಗಿಲಿಗೆ ಅರವತ್ತೆರಡು ಹೆಜ್ಜೆ, ಅಲ್ಲಿ ಡ್ರಿಲ್ಲಿನ ಹಾಗೆ ಹಿಮ್ಮಡಿ ಒತ್ತಿ ತಿರುಗುವುದು, ಮತ್ತೆ ಅರವತ್ತೆರಡು. ಎದುರು ಮನೆಯ ತಮಿಳಿನ ಅಕ್ಕ ಮಾಸ್ಕಿನ ಮೇಲಿನಿಂದ ಕಣ್ಣರಳಿಸಿ ನೋಡುತ್ತಿದ್ದರು. ಮೂರು ತಲೆಮಾರಿನಿಂದ ಈ ದೇಶದಲ್ಲಿರುವವರು, ಯಾವ ವಿಷಯಕ್ಕೂ ಮುಲಾಜಿಲ್ಲದ ಹೆಂಗಸು. "ಉಂಗ ಮಾಮನಾರ್ ಮಿಲಿಟ್ರಿಯಾ?" ಎಂದು ಕೇಳಿದರು ಒಂದು ದಿನ. ಇಲ್ಲ, ಆಗಬೇಕಿತ್ತು ಎಂದೆ. ಆಮೇಲಿಂದ ಆಕೆ ದಾರಿ ಬಿಡುವಾಗ ಒಂದು ಸೆಲ್ಯೂಟ್ ಹೊಡೆಯತೊಡಗಿದರು. ಮಾವನವರೂ ಗಂಭೀರವಾಗಿ ವಾಪಸು ಹೊಡೆಯುತ್ತಿದ್ದರು.

ಏಪ್ರಿಲ್ ಕಳೆಯುವಾಗ ಒಂದು ಭಾನುವಾರ ಕೊಳವೆಯ ಕಾಗದವನ್ನು ತೋರಿಸಿ ಎಂದು ನಾನೇ ಕೇಳಿದೆ. ಅವರು ಕೈ ತೊಳೆದು ಬಂದು ಊಟದ ಮೇಜಿನ ಮೇಲೆ ಬಿಡಿಸಿಟ್ಟರು. ನಾನು ತಲೆ ಮೇಲೆ ಕೈ ಹೊತ್ತೆ. ಮುತ್ತಜ್ಜಿ ಆ ಕಾಗದವನ್ನು ಗಂಡನೆಂದೇ ತಿಳಿದಿದ್ದಳೋ ಏನೋ, ಆಯುಧಪೂಜೆಗೆ ಅದನ್ನು ಹೊರತೆಗೆದು ಮದುವೆ ಕಾಗದಕ್ಕೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿದ್ದಳು. ಆಕೆಯ ಮಗ ಹಚ್ಚಿದ, ಮೊಮ್ಮಗ ಹಚ್ಚಿದ, ನಮ್ಮ ಮಾವನವರೂ ವರ್ಷ ತಪ್ಪದೆ ಹಚ್ಚಿದರು. ಓದು ಬಂದವರು ಹುಟ್ಟುವಷ್ಟರಲ್ಲಿ ಓದಬೇಕಾದ ಜಾಗ ಕೆಂಪಗೆ ಮುಚ್ಚಿಹೋಗಿತ್ತು. ಪೂಜೆ ಮಾಡಿ ಮಾಡಿ ದೇವರ ಮೂಗನ್ನೇ ಸವೆಸಿದ ಜನ ನಾವು.

ನಡುವಿನ ಸಾಲುಗಳು ಕಾಣುತ್ತಿದ್ದವು. ಹೆಸರು, ತಂದೆಯ ಹೆಸರು, ತಂದೆ ಪಿಂಚಣಿಯ ಸಿಪಾಯಿ. ಊರು, ಮೈಸೂರು ಸೀಮೆ. ಸೇರಿದಾಗ ವಯಸ್ಸು ಹತ್ತೊಂಬತ್ತು. ಎತ್ತರ ಐದಡಿ ಆರಂಗುಲ. ಗುರುತು, ಎಡ ಕಿವಿಯ ಕೆಳಗೆ ಮಚ್ಚೆ. ನಾನು ಅದನ್ನು ಓದಿ ಹೇಳುತ್ತಿದ್ದಂತೆ ಮಾವನವರ ಕೈ ತಾನಾಗಿ ಎಡ ಕಿವಿಯ ಕೆಳಗೆ ಹೋಯಿತು. ಅಲ್ಲಿ ಅವರಿಗೂ ಒಂದು ಮಚ್ಚೆ ಇದೆ. ಕೆಳಗಿನ ಬಲ ಮೂಲೆಯಲ್ಲಿ ಷರಾ ಎಂಬ ಕಾಲಮ್ಮು. ಸಿಪಾಯಿ ಏನಾದ ಎಂದು ಬರೆಯುವ ಜಾಗ ಅದೇ. ಕುಂಕುಮ ಅತಿ ಹೆಚ್ಚು ಕೂತಿದ್ದದ್ದೂ ಅಲ್ಲೇ.

"ಇದನ್ನು ನಾನು ಓದಬಲ್ಲೆ ಮಾವ" ಎಂದೆ. ಇದು ಜಂಬದ ಮಾತಲ್ಲ, ನನ್ನ ಕಸುಬಿನ ಮಾತು. ಕೆಂಪನ್ನು ಕೆಂಪು ಹಾಳೆಯ ಮೂಲಕ ನೋಡಿದರೆ ಕೆಂಪು ಮಾಯವಾಗುತ್ತದೆ, ಅದರಡಿಯ ಕಪ್ಪು ಉಳಿಯುತ್ತದೆ. ಅರಿಸಿನವೂ ಅಷ್ಟೇ. ನಮ್ಮ ಕಾರ್ಖಾನೆಯಲ್ಲಿ ಮುದ್ರಣದ ತಪ್ಪು ಹಿಡಿಯಲು ಅಂಥ ಕೆಂಪು ಪ್ಲಾಸ್ಟಿಕ್ ಹಾಳೆಗಳನ್ನು ದಿನಾ ಬಳಸುತ್ತೇವೆ. ಕಾಗದವನ್ನು ಮುಟ್ಟುವುದೂ ಬೇಡ, ಉಜ್ಜುವುದೂ ಬೇಡ. ಮೇಲೆ ಹಾಳೆ ಇಟ್ಟು ಬೆಳಕಿನಲ್ಲಿ ನೋಡಿದರಾಯಿತು.

ಮಾವನವರು ಕಾಗದವನ್ನು ಸುತ್ತಿ ಕೊಳವೆಗೆ ಹಾಕಿದರು. "ಬೇಡ."

"ಯಾಕೆ ಬೇಡ? ಅದಕ್ಕೇ ಅಲ್ವಾ ಇಲ್ಲಿಗೆ ಬಂದಿದ್ದು?"

"ಅದ್ರಲ್ಲಿ ಓಡಿಹೋದ ಅಂತ್ಲೇ ಬರೆದಿದ್ರೆ?"

ನನಗೆ ರೇಗಿತು. ಹೆದರಿಕೆ ಇದ್ದವರು ಸಮುದ್ರ ದಾಟಿ ಬರಬಾರದಿತ್ತು ಎಂದುಬಿಟ್ಟೆ. ಮಾವನವರು ಎದ್ದು ಓಣಿಗೆ ಹೋದರು. ಅರವತ್ತೆರಡು ಹೆಜ್ಜೆಯ ಸದ್ದು ಬಹಳ ಹೊತ್ತು ಕೇಳಿಸಿತು. ಆಡಿದ ಮೇಲೆ ನನಗೂ ನಾಚಿಕೆಯಾಯಿತು. ಎಂಬತ್ತೊಂದು ವರ್ಷ ಅನುಮಾನದ ಜೊತೆ ಬದುಕಿದವರಿಗೆ ಅನುಮಾನವೇ ಒಂದು ಆಸರೆ. ಷರಾ ಓದಿದ ಮೇಲೆ ಅದೂ ಇರುವುದಿಲ್ಲ. ಆದರೆ ಕ್ಷಮಿಸಿ ಎನ್ನುವ ಬುದ್ಧಿ ನನಗೆ ಹುಟ್ಟಿನಿಂದ ಕಡಿಮೆ. ರಾತ್ರಿ ಅವರಿಗೆ ಇಷ್ಟವಾದ ಬಸ್ಸಾರು ಮಾಡಿದೆ. ಅವರು ಎರಡನೇ ಸಲ ಬಡಿಸಿಕೊಂಡರು. ನಮ್ಮಿಬ್ಬರ ರಾಜಿ ಹಾಗೇ ಆಗುತ್ತಿತ್ತು.

ಜೂನಿನಲ್ಲಿ ರಾಜ್ಯ ದಾಟಲು ಬಿಟ್ಟರು. ವಿಮಾನ ಮಾತ್ರ ಇಲ್ಲ. ಊರಿನಿಂದ ಫೋನು ಬರುತ್ತಿತ್ತು. ಅವರ ತಮ್ಮನ ಮಗ ಒಂದು ದಿನ ವಿಡಿಯೋದಲ್ಲಿ ನಗುತ್ತಾ ಹೇಳಿದ: "ದೊಡ್ಡಪ್ಪ, ಇಲ್ಲಿ ಅರಳಿಕಟ್ಟೆ ಮೇಲೆ ಏನು ಅಂತಾವ್ರೆ ಗೊತ್ತಾ? ಮಲೇಷ್ಯಾಕ್ಕೆ ಹೋದೋನು ಬರಂಗೆ ಕಾಣಲ್ಲ, ಮಗನ ಮನೆ ರುಚಿ ಹತ್ತೈತೆ, ಅವ್ರ ಮುತ್ತಾತನಂಗೇನೇ ಅಂತಾವ್ರೆ." ಹುಡುಗಾಟಕ್ಕೆ ಆಡಿದ ಮಾತು. ಮಾವನವರೂ ನಕ್ಕರು. ಫೋನು ಇಟ್ಟ ಮೇಲೆ ಅವತ್ತು ಓಣಿಗೆ ನಡೆಯಲು ಹೋಗಲಿಲ್ಲ.

ಜುಲೈನ ಒಂದು ಭಾನುವಾರ ನಾನೇ ಕಾರು ತೆಗೆದು ಅವರನ್ನು ಮೆಲಾಕಾಗೆ ಕರೆದುಕೊಂಡು ಹೋದೆ. ಬೀದಿಯಲ್ಲಿ ಪ್ರವಾಸಿಗಳಿಲ್ಲ. ಹೂವು ಕಟ್ಟಿದ ಸೈಕಲ್ ರಿಕ್ಷಾಗಳು ಸಾಲಾಗಿ ಸುಮ್ಮನೆ ನಿಂತಿದ್ದವು. ಹಳೆಯ ಕೋಟೆಯ ಬಾಗಿಲೊಂದು ಉಳಿದಿದೆ. ಅದರ ಹಿಂದೆ ಗುಡ್ಡ. ಮಾವನವರು ಮೆಟ್ಟಿಲಿಗೊಮ್ಮೆ ಉಸಿರು ಬಿಡುತ್ತಾ ಹತ್ತಿದರು. ಮೇಲಿನಿಂದ ಸಮುದ್ರ ಬಹಳ ದೂರದಲ್ಲಿ ಕಾಣುತ್ತಿತ್ತು. ಅಲ್ಲಿದ್ದ ಕಾವಲುಗಾರ ಮುದುಕ, ಮೊದಲು ಸಮುದ್ರ ಈ ಗುಡ್ಡದ ಬುಡಕ್ಕೇ ಬರುತ್ತಿತ್ತು, ಆಮೇಲೆ ಮಣ್ಣು ತುಂಬಿಸಿ ಶಾಪಿಂಗ್ ಮಾಲ್ ಕಟ್ಟಿದರು ಎಂದ. ಸಿಪಾಯಿಗಳ ಲೈನು ಎಲ್ಲಿತ್ತು, ಅವರನ್ನು ಹೂಳುತ್ತಿದ್ದದ್ದು ಎಲ್ಲಿ ಎಂದು ನಾನು ಅರೆಬರೆ ಮಲಯ್‌ನಲ್ಲಿ ಕೇಳಿದೆ. ಆತ ಕೈಯಾಡಿಸಿದ. ಯಾರಿಗೆ ಗೊತ್ತು, ಅಷ್ಟು ಹಳೆಯದು ಎಂದ.

ಮಾವನವರು ಬಿಳಿ ಟೋಪಿ ತೆಗೆದು ಒಂದು ನಿಮಿಷ ಅಟೆನ್ಷನ್ನಿನಲ್ಲಿ ನಿಂತರು. ಯಾರಿಗೆ, ಯಾವ ದಿಕ್ಕಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಕಲ್ಲಿನ ಮೆಟ್ಟಿಲ ಮೇಲೆ ಕೂತು ನಾನು ಕೊಟ್ಟ ಚಪಾತಿ ತಿಂದರು.

"ಇಲ್ಲಿ ಬಂದು ಕೂತ್ಮೇಲೆ ಒಂದು ಗೊತ್ತಾಯ್ತು ಕಣಮ್ಮ," ಎಂದರು. "ಬರದೇ ಇರೋನು ಬೇರೆ, ಬರೋಕೆ ಆಗದೇ ಇರೋನು ಬೇರೆ. ಊರಲ್ಲಿ ಕೂತೋರಿಗೆ ಎರಡೂ ಒಂದೇ ಥರ ಕಾಣುತ್ತೆ. ನಾಲ್ಕು ತಿಂಗ್ಳಿಂದ ನಾನು ಇಲ್ಲಿ ಮಜಾ ಮಾಡ್ತಿದೀನಾ?" ನಾನು ಕೈ ತೊಳೆಯಲು ನೀರು ಹಾಕಿದೆ. ಕೈ ಒರೆಸಿಕೊಂಡು, "ಆ ಕೆಂಪು ಹಾಳೆ ತಗೊಂಡು ಬಾ. ಏನಾದ್ರೂ ಇರ್ಲಿ, ಓದೋಣ" ಎಂದರು.

ಮರುದಿನ ಸಂಜೆ ಹಾಳೆ ತಂದೆ. ಬಾಲ್ಕನಿಯ ಗಾಜಿನ ಬಾಗಿಲಿಗೆ ಕಾಗದವನ್ನು ಮೆಲ್ಲಗೆ ಒರಗಿಸಿ, ಮೇಲೆ ಕೆಂಪು ಹಾಳೆ ಹಿಡಿದೆ. ನಾಲ್ಕು ತಲೆಮಾರಿನ ಕುಂಕುಮ ಒಮ್ಮೆಲೇ ಇಲ್ಲವಾಯಿತು. ಶಾಯಿ ಮಂಕಾಗಿತ್ತು, ಆದರೆ ಇತ್ತು. ಕೊಕ್ಕೆ ಕೊಕ್ಕೆಯಾದ ಓರೆ ಅಕ್ಷರ. ನಾನು ಮೂರು ಸಲ ಓದಿಕೊಂಡೆ. ಮಾವನವರು ಕಣ್ಣು ಮುಚ್ಚಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಶಿಕ್ಷೆಗೆ ಕಾಯುತ್ತಿರುವವರ ಹಾಗೆ.

"ಕಾಯಿಲೆಯಾಗಿ ಮಲಾಕಾ ಆಸ್ಪತ್ರೆಯಲ್ಲಿ ಬಿಟ್ಟು ಬರಲಾಗಿದೆ," ಎಂದೆ. "ಅಷ್ಟೇ ಮಾವ. ಇನ್ನೇನೂ ಇಲ್ಲ. ಓಡಿಹೋದ ಅಂತ ಇಲ್ಲ."

ಅವರು ಕಣ್ಣು ತೆರೆಯಲಿಲ್ಲ. ಮತ್ತೊಂದು ಸಲ ಓದಿಸಿದರು. ಮತ್ತೂ ಒಂದು ಸಲ. ಆಮೇಲೆ ಹೇಳಿದರು: "ಅವ್ನು ಓಡಿಹೋಗ್ಲಿಲ್ಲ. ಅವ್ನನ್ನ ಬಿಟ್ಟು ಹಡಗು ಓಡಿಹೋಯ್ತು." ಹೇಳಿ ಮುಖ ಮುಚ್ಚಿಕೊಂಡು ಅತ್ತರು. ನನ್ನ ಗಂಡ ಮೀಟಿಂಗಿನ ನಡುವೆಯೇ ಓಡಿಬಂದು ಅಪ್ಪನ ಹೆಗಲ ಮೇಲೆ ಕೈ ಇಟ್ಟು ನಿಂತ. ಅಷ್ಟು ವರ್ಷದಲ್ಲಿ ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೆಪ್ಟೆಂಬರಿನಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಅದು ಕಳೆದು ಹತ್ತು ದಿನಕ್ಕೆ ಮಾವನವರಿಗೆ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತ್ತು. ಎಡೆಯನ್ನು ಇಲ್ಲೇ ಇಡಬೇಕು ಎಂದರು. ಬಾಳೆ ಎಲೆ ಎದುರು ಮನೆಯ ಅಕ್ಕ ಸಂತೆಯಿಂದ ತಂದುಕೊಟ್ಟರು. ಮಟನ್ ಸಾರು, ಮುದ್ದೆ, ಕಜ್ಜಾಯ, ವಡೆ ಮಾಡಿದೆ. ಗಂಡ ಒಂದು ಕ್ವಾರ್ಟರ್ ಬ್ರಾಂದಿ ತಂದ, ತನ್ನ ತಾತನಿಗೆ ಪ್ರೀತಿಯಂತೆ. ಮಗಳು ಎಲೆ ಒರೆಸುತ್ತಾ, ಇವರೆಲ್ಲ ಯಾರು ಎಂದು ಇಂಗ್ಲಿಷಿನಲ್ಲೇ ಕೇಳುತ್ತಿದ್ದಳು; ಮಾವನವರು ಕನ್ನಡದಲ್ಲೇ ಹೇಳುತ್ತಿದ್ದರು. ಸೋಫಾ ಸರಿಸಿ ಹಾಲಿನಲ್ಲಿ ಆರು ಎಲೆ ಹಾಕಿದೆವು, ತುದಿ ಬಲಕ್ಕೆ. ಕೊನೆಯದು ತೀರಿಕೊಂಡ ನಮ್ಮ ಅತ್ತೆಗೆ, ಮೊದಲನೆಯದು ಮುತ್ತಜ್ಜಿಗೆ. ಮುತ್ತಜ್ಜಿಯ ಎಲೆಯ ಪಕ್ಕ ನಾನು ಬೇಕೆಂದೇ ಒಂದು ಎಲೆಯಷ್ಟು ಜಾಗ ಬಿಟ್ಟಿದ್ದೆ.

ಮಾವನವರು ಏಳನೇ ಎಲೆ ಹಿಡಿದು ಆ ಜಾಗದ ಮುಂದೆ ನಿಂತರು. ನಿಂತೇ ಇದ್ದರು. ಆಮೇಲೆ ತಲೆಯಾಡಿಸಿ ಬಾಗಿಲ ಕಡೆಗೆ ನಡೆದರು.

"ಮಾವ!" ಎಂದೆ.

"ಸತ್ತ ಅಂತ ಅದ್ರಲ್ಲಿ ಬರೆದಿಲ್ವಲ್ಲಮ್ಮ. ಬಿಟ್ಟು ಬಂದಿದಾರೆ ಅಂತ ಅಷ್ಟೇ ಅಲ್ವಾ? ವಾಸಿಯಾದ್ಮೇಲೆ ಅವ್ನು ಏನು ಮಾಡಿದ್ನೋ! ನಮ್ಮ ತಾತನೇ ಕೈಯಾರೆ ಹೊರಗಿಟ್ಟಿದ್ದು. ಅದನ್ನ ಮುರಿಯೋಕೆ ನಾನ್ಯಾರು?"

ಏಳು ತಿಂಗಳು ಕಾದು, ಗುಡ್ಡ ಹತ್ತಿ, ಕಾಗದ ಓದಿ, ಕಡೆಗೆ ಅದೇ ರಾಗ, ಅದೇ ಹಾಡು. ನಾನು ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದೆ. ಅವರು ಹೊಸಿಲಿನಾಚೆ ಚಪ್ಪಲಿ ಸ್ಟ್ಯಾಂಡ್ ಸರಿಸಿ, ನೆಲ ಒರೆಸಿ, ಎಲೆ ಹಾಸಿದರು. ತುದಿ ಎಡಕ್ಕೆ. ಮೂಲೆಗೆ ಚಿಟಿಕೆ ಉಪ್ಪು. ಪಕ್ಕದಲ್ಲಿ ಚೊಂಬು. ನಾನು ಮುಖ ಊದಿಸಿಕೊಂಡೇ ಮುದ್ದೆ ಬಡಿಸಿ ಸಾರು ಬಿಟ್ಟೆ.

ಆಗ ಎದುರು ಮನೆಯ ಬಾಗಿಲು ತೆರೆಯಿತು. ಅಕ್ಕ ಕಸದ ಚೀಲ ಹಿಡಿದು ಹೊರಗೆ ಬಂದವರು ಎಲೆ ನೋಡಿದರು, ಉಪ್ಪು ನೋಡಿದರು, ಚೊಂಬು ನೋಡಿದರು, ತೆರೆದ ಬಾಗಿಲು ನೋಡಿದರು. ಮುಖ ಅರಳಿಸಿ ಕೇಳಿದರು: "ಯಾರ್ ವರಾಂಗ ಸಾಪ್ಪಾಟ್ಟುಕ್ಕು?"

ಊಟಕ್ಕೆ ಯಾರು ಬರುತ್ತಿದ್ದಾರೆ, ಅಷ್ಟೇ ಆಕೆ ಕೇಳಿದ್ದು. ಯಾರೂ ಇಲ್ಲ ಅಕ್ಕ, ಇದು ಸತ್ತವರಿಗೆ ಎಂದೆ. ಆಕೆ ನಕ್ಕುಬಿಟ್ಟರು. ಸತ್ತವರಿಗೆ ಯಾರಾದರೂ ಹೀಗೆ ಎಲೆ ಹಾಕುತ್ತಾರಾ, ಉಪ್ಪು ಬೇರೆ ಇಟ್ಟಿದ್ದೀಯ, ಕಾಲು ತೊಳೆಯಲು ನೀರು ಬೇರೆ. ದೂರದಿಂದ ಬರುವ ಮನೆಯವರಿಗೆ ಅಲ್ಲವಾ ಹೀಗೆ ಇಡುವುದು, ಎಂದು ತಮಿಳಿನಲ್ಲಿ ಹೇಳುತ್ತಾ ಲಿಫ್ಟಿನ ಕಡೆಗೆ ಹೋದರು.

ನಾನು ಸೌಟು ಹಿಡಿದು ಹಾಗೇ ನಿಂತೆ. ಇಪ್ಪತ್ತೆರಡು ವರ್ಷ ಆ ಎಲೆಯನ್ನು ಉಲ್ಟಾ ಎಂದು ತಿಳಿದಿದ್ದೆ. ಉಲ್ಟಾ ಇದ್ದದ್ದು ಒಳಗಿನ ಎಲೆಗಳು, ಸತ್ತವರವು. ಇದು ಬದುಕಿರುವವರಿಗೆ ಹಾಕುವ ಹಾಗೆ ಸರಿಯಾಗೇ ಇತ್ತು. ನನ್ನ ಗಂಡ ಆಫೀಸಿನಿಂದ ತಡವಾಗಿ ಬಂದಾಗ ನಾನು ಹೇಗೆ ತಟ್ಟೆ ಇಡುತ್ತೇನೋ, ಮುತ್ತಜ್ಜಿ ಹಾಗೇ ಇಟ್ಟಿದ್ದಳು. ಎರಡು ದಸರಾದಲ್ಲಿ ಬರುತ್ತೇನೆ ಎಂದವನು ಊರೆಲ್ಲ ಊಟಕ್ಕೆ ಕೂರುವ ಹೊತ್ತಿಗೆ ಬಂದರೆ, ಕಾಲು ತೊಳೆದು ಅಲ್ಲೇ ಕೂರಲಿ ಎಂದು ಬಾಗಿಲು ತೆರೆದಿಟ್ಟಿದ್ದಳು. ಆತ ಸತ್ತನೆಂದು ಆಕೆ ಯಾವತ್ತೂ ಒಪ್ಪಲಿಲ್ಲ, ಅದಕ್ಕೇ ಸತ್ತವರ ಸಾಲಿಗೆ ಸೇರಿಸಲಿಲ್ಲ. ಆಕೆ ಹೋದ ಮೇಲೆ ಮನೆಯವರು ಎಲೆ ಇಡುವುದನ್ನು ಬಿಡಲಿಲ್ಲ, ಕಾಯುವುದನ್ನು ಮರೆತರು. ಆಮೇಲೆ ಅದಕ್ಕೊಂದು ಕಾರಣ ಬೇಕಾಯಿತು, ಊರು ಕೊಟ್ಟಿತು.

"ಮಾವ, ಅಕ್ಕ ಹೇಳಿದ್ದು..." ಎಂದು ಶುರು ಮಾಡಿದೆ. ಹೇಳುವ ಅಗತ್ಯವಿರಲಿಲ್ಲ. ಹೊಸಕೋಟೆಯವರಿಗೆ ತಮಿಳು ಅರ್ಥವಾಗದೇ ಇರುತ್ತದೆಯೇ? ಅವರು ಹೊಸಿಲಿಗೆ ಕೈ ಊರಿ ನೆಲದ ಮೇಲೆ ಕೂತಿದ್ದರು. ಎಲೆಯನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು.

"ನಮ್ಮ ತಾತ ಇದನ್ನ ಇಡುವಾಗ ಪ್ರತಿ ಸಲ ದಾರಿ ಕಡೆ ನೋಡೋರು," ಎಂದರು ಮೆಲ್ಲಗೆ. "ಯಾರಾದ್ರೂ ನೋಡಿ ಆಡ್ಕೋತಾರೆ ಅಂತ ನಾಚ್ಕೆಗೆ ಹಂಗೆ ನೋಡ್ತಾರೆ ಅಂದ್ಕೊಂಡಿದ್ದೆ."

ಎಲೆಯ ಮೇಲಿನ ಸಾರು ಆರಿತು. ಆಮೇಲೆ ಅವರು ಅಂಗೈಯಿಂದ ಉಪ್ಪನ್ನು ಬಳಿದು ತೆಗೆದರು. ಎಲೆಯ ಎರಡೂ ಬದಿ ಹಿಡಿದು, ಸಾರು ಚೆಲ್ಲದ ಹಾಗೆ ಎತ್ತಿ, ಮಂಡಿಯೂರಿಕೊಂಡೇ ಹೊಸಿಲು ದಾಟಿಸಿದರು. ನನ್ನ ಗಂಡ ಇನ್ನೊಂದು ತುದಿಗೆ ಕೈ ಕೊಟ್ಟ. ಮುತ್ತಜ್ಜಿಯ ಎಲೆಯ ಪಕ್ಕ ನಾನು ಬಿಟ್ಟಿದ್ದ ಜಾಗದಲ್ಲಿ ಇಟ್ಟು, ತುದಿಯನ್ನು ಬಲಕ್ಕೆ ತಿರುಗಿಸಿದರು. ಎರಡೂ ಎಲೆಯ ಅಂಚು ಒಂದಕ್ಕೊಂದು ತಾಗಿತು.

ಮಾವನವರು ಕೈ ಮುಗಿದದ್ದು ಮುತ್ತಾತನಿಗಲ್ಲ, ಆಯಮ್ಮನ ಎಲೆಗೆ. "ಇನ್ನು ಕಾಯಬೇಡಮ್ಮ," ಎಂದರು. "ಊಟ ಮಾಡು."

ಹೊರಗೆ ಚೊಂಬು ಮಾತ್ರ ಉಳಿದಿತ್ತು. ನಾನು ಅದನ್ನು ಒಳಗೆ ತಂದು ಬಾಗಿಲು ಹಾಕಿದೆ.